ದಾಟಿಸದೆ ಬಿಟ್ಟ ಮಾತು

ಮೊನ್ನೆ ಎದುರು ಫ್ಲ್ಯಾಟಿನ ಅನಸೂಯಮ್ಮನವರಲ್ಲಿ ಕರಿಬೇವು ಕೇಳಲು ಹೋಗಿದ್ದೆ. ಬೆಳಗಿನ ಹತ್ತೂವರೆ ಇರಬೇಕು. ಅಡುಗೆಕಟ್ಟೆಯ ಮೇಲೆ ಉಪ್ಪಿನಕಾಯಿ ಜಾಡಿಗೆ ಫೋನನ್ನು ಒರಗಿಸಿ ನಿಲ್ಲಿಸಿದ್ದರು. ಅದರೊಳಗೆ ದೋಹಾದಲ್ಲಿರುವ ಅವರ ತಂಗಿ ಕೂತು ಬಟ್ಟೆ ಮಡಿಸುತ್ತಿದ್ದಳು. ಈ ಕಡೆ ಇವರು ಹೀರೇಕಾಯಿ ಹೆರೆಯುತ್ತಿದ್ದರು. ಮಾತಿಲ್ಲ, ಕತೆಯಿಲ್ಲ. ನಾನು ಐದು ನಿಮಿಷ ನಿಂತಿದ್ದೆ. ಅಷ್ಟರಲ್ಲಿ ಆ ಕಡೆಯಿಂದ ಒಂದು ಕೆಮ್ಮು ಬಂತು, ಈ ಕಡೆಯಿಂದ ಕುಕ್ಕರಿನ ಒಂದು ಸೀಟಿ ಹೋಯಿತು, ಅಷ್ಟೇ. ಫೋನು ಇನ್ನೂ ನಡೆಯುತ್ತಿದೆಯಲ್ಲ ಎಂದು ನಾನು ಸನ್ನೆ ಮಾಡಿ ತೋರಿಸಿದರೆ ಅವರು "ಉಂಡನಿವ್ವಂಡಿ" ಅಂದರು. ಇರಲಿ ಬಿಡಿ, ಅಂತ.

ಇರಲಿ ಬಿಡಿ ಎನ್ನುವುದು ಅವರಿಗೆ ಸುಲಭ. ನನ್ನ ಬಲಗೈ ಮಾತ್ರ ತನ್ನಷ್ಟಕ್ಕೆ ಮೇಲೆದ್ದು, ಗಾಳಿಯಲ್ಲಿ ಇಲ್ಲದ ವಯರೊಂದನ್ನು ಹಿಡಿದು ಎಳೆಯಲು ನೋಡಿತು. ಮಾತಿಲ್ಲದೆ ಬಿದ್ದಿರುವ ವಿದೇಶದ ಲೈನನ್ನು ಕಂಡರೆ ಸುಮ್ಮನೆ ಇರಲಾರದ ಕೈ ಅದು. ಕರಿಬೇವು ಹಿಡಿದು ಮನೆಗೆ ಬಂದೆ. ಒಗ್ಗರಣೆ ಹಾಕುವಾಗಲೂ ಕೈ ಕೈಯಾಗಿರಲಿಲ್ಲ. ಸಾಸಿವೆ ಸೀದುಹೋಯಿತು. ಆ ದಿನದ ಸಾರಿನ ರುಚಿ ನಮ್ಮವರು ಇನ್ನೂ ಮರೆತಿಲ್ಲ.

ಕೈಗೆ ಈ ಚಾಳಿ ಹೇಗೆ ಬಂತು ಎಂದು ನಿಮಗೆ ಹೇಳಬೇಕು. ನಾನು ವಿಜಯವಾಡದ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ನಮ್ಮ ತಂದೆ ಧಾರವಾಡದ ಕಡೆಯವರು, ಬ್ಯಾಂಕಿನಲ್ಲಿ ಗುಮಾಸ್ತರು. ಮೂರು ವರ್ಷದ ವರ್ಗ ಎಂದು ಕೃಷ್ಣೆಯ ದಡಕ್ಕೆ ಬಂದವರು ಅಲ್ಲೇ ನಿಂತುಬಿಟ್ಟರು. ಮನೆಯಲ್ಲಿ ಧಾರವಾಡದ ಮಾತು, ಬಾಗಿಲು ದಾಟಿದರೆ ತೆಲುಗು. ಹೀಗೆ ಎರಡು ನಾಲಿಗೆ ಬೆಳೆಸಿಕೊಂಡ ನನಗೆ ಇಪ್ಪತ್ತೊಂದನೆಯ ವರ್ಷಕ್ಕೆ ಇಲಾಖೆಯ ಕೆಲಸ ಸಿಕ್ಕಿತು. ಉದ್ದನೆಯ ಹಲಗೆಯ ಮುಂದೆ ಎತ್ತರದ ಕುರ್ಚಿಗಳು, ಹಲಗೆಯ ತುಂಬ ತೂತುಗಳು, ಮಿಣುಕುವ ದೀಪಗಳು, ತುದಿಗೆ ಹಿತ್ತಾಳೆಯ ಮೊನೆ ಇರುವ ವಯರುಗಳು. ಒಂದು ತೂತಿನಿಂದ ಇನ್ನೊಂದಕ್ಕೆ ವಯರು ಚುಚ್ಚಿದರೆ ಇಬ್ಬರು ಮನುಷ್ಯರು ಒಂದಾಗುತ್ತಿದ್ದರು, ಎಳೆದರೆ ಬೇರೆಯಾಗುತ್ತಿದ್ದರು. ನಮ್ಮ ಸಾಲಿನಲ್ಲಿ ಕನ್ನಡ ಬರುತ್ತಿದ್ದವಳು ನಾನೊಬ್ಬಳೇ.

ಈಗಿನವರಿಗೆ ಹೇಳಿದರೆ ನಂಬುವುದು ಕಷ್ಟ. ಆಗ ಸಮುದ್ರದಾಚೆಗೆ ಮಾತಾಡಬೇಕೆಂದರೆ ಮೊದಲು ಕೆಳಗಿನ ಹಾಲಿಗೆ ಬಂದು ಚೀಟಿ ತುಂಬಿಸಿ ಕೊಡಬೇಕು. ಚೀಟಿ ಮೇಲೆ ನಮ್ಮಲ್ಲಿಗೆ ಬರುತ್ತದೆ. ನಾವು ಬೊಂಬಾಯಿಯನ್ನು ಹಿಡಿಯಬೇಕು. ಬೊಂಬಾಯಿಯವರು ಪುರಸೊತ್ತಾದಾಗ ಮಸ್ಕತ್ತನ್ನೋ ಕುವೈತನ್ನೋ ಹಿಡಿಯಬೇಕು. ಅಲ್ಲಿ ಕಂಪನಿಯ ಆಫೀಸಿನಲ್ಲಿ ಯಾರಾದರೂ ಫೋನೆತ್ತಿ, ಇಂಥ ಹೆಸರಿನ ಮನುಷ್ಯನನ್ನು ಕೆಲಸದ ಜಾಗದಿಂದ ಕರೆಸಬೇಕು. ಅವನು ಬರುವಷ್ಟರಲ್ಲಿ ನಡುವೆ ಎಲ್ಲೋ ಲೈನು ಸತ್ತಿರುತ್ತದೆ. ಮತ್ತೆ ಮೊದಲಿನಿಂದ. ಬೆಳಿಗ್ಗೆ ಬರೆಸಿದ ಕರೆ ಸಂಜೆಗೆ ಸಿಕ್ಕರೆ ಅದೃಷ್ಟ, ಮರುದಿನ ಸಿಕ್ಕರೆ ವಾಡಿಕೆ. ಹಾಲಿನ ಬೆಂಚುಗಳ ಮೇಲೆ ಇಡೀ ಸಂಸಾರಗಳು ಬುತ್ತಿ ಬಿಚ್ಚಿ ಉಣ್ಣುತ್ತಿದ್ದವು. ಹೆಂಗಸರು ಒಳ್ಳೆಯ ಸೀರೆ ಉಟ್ಟು ಹೂ ಮುಡಿದು ಬರುತ್ತಿದ್ದರು, ಫೋನಿನಲ್ಲಿ ಮಾತಾಡಲಿಕ್ಕೆ. ಯಾರಿಗೆ ಕಾಣುತ್ತದೆ ಎಂದು ನಾವು ಮೇಲೆ ನಗುತ್ತಿದ್ದೆವು. ನಮಗೆ ಆಗ ಅಷ್ಟು ತಿಳಿಯುತ್ತಿರಲಿಲ್ಲ. ಒಬ್ಬ ಬಾಣಂತಿ ಗಂಡನಿಗೆ ಮಗುವಿನ ಅಳು ಕೇಳಿಸಬೇಕೆಂದು ಮಗುವನ್ನು ಎತ್ತಿಕೊಂಡೇ ಕ್ಯಾಬಿನ್ನಿಗೆ ಹೋಗಿದ್ದಳು. ಬೆಳಗಿನಿಂದ ಹಾಲಿನ ಸೂರು ಹಾರಿಹೋಗುವಂತೆ ಅತ್ತಿದ್ದ ಆ ಮಗು ಫೋನಿನ ಮುಂದೆ ಮೂರು ನಿಮಿಷವೂ ಕಣ್ಣು ಬಿಟ್ಟುಕೊಂಡು ಸುಮ್ಮನಿತ್ತು.

ಕರೆ ಸಿಕ್ಕ ಮೇಲಿನ ಕಷ್ಟ ಇನ್ನೊಂದು ಬಗೆಯದು. ಆಡಿದ ಮಾತು ತಿರುಗಿ ಆಡಿದವರ ಕಿವಿಗೇ ಬರುತ್ತಿತ್ತು. ಕೆಲವರು ತಮ್ಮ ದನಿಗೆ ತಾವೇ ಉತ್ತರ ಕೊಟ್ಟುಕೊಂಡು ಕೂತಿರುತ್ತಿದ್ದರು. ಇಬ್ಬರೂ ಒಟ್ಟಿಗೆ ಶುರುಮಾಡುವುದು, ಇಬ್ಬರೂ ಒಟ್ಟಿಗೆ ನಿಲ್ಲಿಸುವುದು. ಎಷ್ಟೋ ಸಲ ಲೈನು ಎಷ್ಟು ಕ್ಷೀಣವಾಗಿರುತ್ತಿತ್ತೆಂದರೆ ಕೆಳಗಿನ ಕ್ಯಾಬಿನ್ನಿನಲ್ಲಿ ನಿಂತವರಿಗೆ ಏನೂ ಕೇಳುತ್ತಿರಲಿಲ್ಲ, ನಡುವೆ ಕೂತ ನಮಗೆ ಮಾತ್ರ ಕೇಳುತ್ತಿತ್ತು. ಆಗ ನಾವು ಮಾತನ್ನು ದಾಟಿಸಬೇಕು. ಈ ಕಡೆಯವರು ಹೇಳಿದ್ದನ್ನು ಆ ಕಡೆಗೆ, ಆ ಕಡೆಯದನ್ನು ಈ ಕಡೆಗೆ, ನಿಧಾನವಾಗಿ, ಎದೆಯಿಂದ ದನಿ ತೆಗೆದು.

ಇದಕ್ಕೊಂದು ರೀತಿಯಿತ್ತು. ನಮ್ಮ ಮೇಲಿನವರು ಸೀತಾಮಹಾಲಕ್ಷ್ಮಿಗಾರು ಅಂತ. ಹಣೆಯ ಮೇಲೆ ದೊಡ್ಡ ಕುಂಕುಮ, ಕಂಕುಳಲ್ಲಿ ಸದಾ ಒಂದು ರಿಜಿಸ್ಟರು. ಅವರು ಮೊದಲ ವಾರವೇ ಕಲಿಸಿದ್ದು ಇದು. 'ಅವರು ಹೀಗೆ ಹೇಳುತ್ತಾರೆ' ಎನ್ನಬಾರದು, ಅದರಲ್ಲೇ ಹೊತ್ತು ಹೋಗುತ್ತದೆ. ಅವರ ಮಾತನ್ನೇ ಅವರಾಗಿ ಹೇಳಬೇಕು, ಕೂಡಿಸಬಾರದು, ಕಳೆಯಬಾರದು. "ತೀಗ ಮಾಟ್ಲಾಡದಮ್ಮಾಯ್" ಎನ್ನುತ್ತಿದ್ದರು. ತಂತಿ ಮಾತಾಡುವುದಿಲ್ಲ ಹುಡುಗಿ. ಹೀಗಾಗಿ ಮದುವೆಯಾಗದ ನಾನು ದಿನಕ್ಕೆ ನಾಲ್ಕು ಸಲ ಯಾರದೋ ಗಂಡನಾಗುತ್ತಿದ್ದೆ, ಮಗನಾಗುತ್ತಿದ್ದೆ, ಮುನಿಸಿಕೊಂಡ ಭಾವಮೈದುನನಾಗುತ್ತಿದ್ದೆ. "ಅಮ್ಮಾ, ನಾನು ಮೀಸೆ ಬೋಳಿಸಿದೆ, ಬಯ್ಯಬೇಡ" ಎಂದು ಗುಂಟೂರಿನ ಮುದುಕಿಯೊಬ್ಬಳಿಗೆ ಗಂಭೀರವಾಗಿ ಹೇಳಿದ್ದೇನೆ.

ಕೂಡಿಸಬಾರದು ಎಂಬುದನ್ನು ಚೆನ್ನಾಗಿ ಪಾಲಿಸಿದೆವು. ಕಳೆಯಬಾರದು ಎಂಬುದು ಮಾತ್ರ ನಮ್ಮಿಂದ ಆಗಲಿಲ್ಲ. ನಮ್ಮ ಜನರ ಮಾತು ನಿಮಗೆ ಗೊತ್ತಿದೆ. ಮೂರೇ ನಿಮಿಷ ಇದ್ದರೂ ಮೊದಲು ಊಟ ಆಯಿತೇ ಎಂದು ಕೇಳಬೇಕು. ಅತ್ತೆಯ ಮೊಣಕಾಲು, ಮಾವನ ಕಣ್ಣು, ಪಕ್ಕದ ಮನೆಯ ಎಮ್ಮೆ, ಎಲ್ಲದರ ಕ್ಷೇಮ ವಿಚಾರಿಸಿದ ಮೇಲೆ ಬಂದ ವಿಷಯ. ತೆಲುಗಿನವರಲ್ಲಿ ಇದು ಇನ್ನೂ ಒಂದು ಕೈ ಮೇಲು. ಪ್ರತಿಯೊಬ್ಬರ ಹೆಸರು ಹಿಡಿದು, ಗಾರು ಸೇರಿಸಿ ಕೇಳದಿದ್ದರೆ ಮರ್ಯಾದೆಯಲ್ಲ. ವಿಷಯ ಬರುವ ಹೊತ್ತಿಗೆ ನಿಮಿಷ ಮುಗಿದು, ಹೇಳಲು ಬಂದದ್ದನ್ನು ಹೇಳದೆ ಅಳುತ್ತ ಹೋದವರನ್ನು ನಾವು ಬಹಳ ನೋಡಿದ್ದೆವು. ಅದಕ್ಕೆ ದಾಟಿಸುವಾಗ ಕುಶಲ ಪ್ರಶ್ನೆಗಳನ್ನು ನುಂಗಿಬಿಡುತ್ತಿದ್ದೆವು. ಆ ಕಡೆಯವನು ಹತ್ತು ಜನರನ್ನು ಕೇಳಿದರೆ "ಎಲ್ಲರನ್ನೂ ಕೇಳಿದೆ" ಎಂದು ಮುಗಿಸುತ್ತಿದ್ದೆವು. ಇದು ಉಪಕಾರವೇ ಆಗಿತ್ತು, ಈಗಲೂ ಹಾಗೆಯೇ ಅನ್ನುತ್ತೇನೆ. ಆದರೆ ಬಿಡುವುದು ಒಂದು ಅಭ್ಯಾಸ. ಯಾವ ಮಾತು ಬೇಕು, ಯಾವುದು ಬೇಡ ಎಂದು ಆರಿಸುವ ಅಧಿಕಾರ ತನ್ನದೇ ಎಂದು ನಾಲಿಗೆಗೆ ಒಮ್ಮೆ ಅನ್ನಿಸಿದರೆ, ಎಲ್ಲಿ ನಿಲ್ಲಬೇಕೆಂದು ಅದಕ್ಕೆ ತಿಳಿಯುವುದಿಲ್ಲ.

ಆ ಕರೆಯ ಚೀಟಿಯ ಮೇಲೆ 'ಇಂದುಮತಿ, ಭವಾನಿಪುರಂ' ಎಂದಿತ್ತು. ಮಸ್ಕತ್ತಿನ ಒಂದು ಕಂಪನಿಯಲ್ಲಿ ಫಿಟ್ಟರ್ ಆಗಿದ್ದ ಗಂಡನಿಗೆ. ಮೊದಲ ದಿನ ಲೈನು ಸಿಗಲಿಲ್ಲ. ಎರಡನೇ ದಿನ ಲೈನು ಸಿಕ್ಕಿತು, ಗಂಡ ಸಿಗಲಿಲ್ಲ. ಮೂರನೇ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಇಬ್ಬರೂ ಸಿಕ್ಕರು, ದನಿ ಸಿಗಲಿಲ್ಲ. ಕ್ಯಾಬಿನ್ನಿನಿಂದ "ಹಲೋ, ಕೇಳಸವಲ್ದು" ಎಂದು ಕನ್ನಡದ ದನಿಯೊಂದು ಬಂದಾಗ ನನಗೆ ಮೈ ಜುಂ ಎಂದಿತು. ನಮ್ಮ ಅವ್ವನ ಮಾತು ಕೇಳಿದ ಹಾಗೆ. ನಾನೂ ಕನ್ನಡದಲ್ಲೇ, ಗಾಬರಿಯಾಗಬೇಡಿ, ನೀವು ಹೇಳಿದ್ದನ್ನು ನಾನು ದಾಟಿಸುತ್ತೇನೆ ಅಂದೆ. ಗಂಡನದೂ ಕನ್ನಡವೇ. ಎರಡು ಮೂರು ತಲೆಮಾರಿನ ಹಿಂದೆ ವಿಜಯವಾಡಕ್ಕೆ ಬಂದು ತೆಲುಗಿನವರೊಂದಿಗೆ ಸಂಬಂಧ ಬೆಳೆಸಿದ ಮನೆಯವನಂತೆ, ಮಾತಿನಲ್ಲಿ ಎರಡೂ ಬೆರೆತಿತ್ತು.

ಇಂದುಮತಿ ಕುಶಲ ಕೇಳಲಿಲ್ಲ. ಅದೇ ನನಗೆ ಮೊದಲು ವಿಚಿತ್ರ ಅನ್ನಿಸಿದ್ದು. ಮದುವೆಯಾದ ಮೂರು ತಿಂಗಳಿಗೆ ನೀವು ಹೋದಿರಿ, ಎರಡು ವರ್ಷ ಆಯಿತು, ಎಂಟು ತಿಂಗಳಿಂದ ಒಂದು ಪತ್ರವಿಲ್ಲ ಅಂದರು. ಸಿಟ್ಟಿರಲಿಲ್ಲ, ಬಾಯಿಪಾಠ ಮಾಡಿಕೊಂಡು ಬಂದಂತಿತ್ತು. ಆಮೇಲೆ ಅಂದರು:

"ನಮ್ಮಪ್ಪ ಕರಕೊಂಡು ಹೋಗ್ಲಿಕ್ಕೆ ಬಂದಾರ. ನಾನು ಹೋಗ್ಲ್ಯೋ, ಇಲ್ಲೇ ಇರ್ಲ್ಯೋ?"

ನಾನು ಒಂದಕ್ಷರ ಬಿಡದೆ ದಾಟಿಸಿದೆ. ಆ ಕಡೆ ಸಮುದ್ರದ ಮೊರೆತದಂಥ ಸದ್ದು. ಅದರೊಳಗಿಂದ, ಈ ವರ್ಷ ರಜಾ ಸಿಗುವುದಿಲ್ಲ ಎಂದಿತು ಅವನ ದನಿ. ಅದನ್ನೂ ದಾಟಿಸಿದೆ.

"ರಜಾ ಕೇಳಿಲ್ರಿ ನಾ. ಹೋಗ್ಲ್ಯೋ, ಇರ್ಲ್ಯೋ, ಅಷ್ಟ ಹೇಳ್ರಿ."

ದಾಟಿಸಿದೆ. ಆಮೇಲೆ ಅವನು ಅಂದ:

"ನೀ ನಿಮ್ಮಪ್ಪನ ಕೂಡ ಹೋಗು. ನನ್ನ ಹಾದಿ ಕಾಯಬ್ಯಾಡ."

ಇದನ್ನು ನಾನು ಅವನಾಗಿ ಹೇಳಬೇಕಿತ್ತು. ಬಾಯಿ ತೆರೆದೆ, ಬರಲಿಲ್ಲ. ಮೀಸೆ ಬೋಳಿಸಿದ ಮಗನಾಗುವುದು ಬೇರೆ. ನನ್ನ ಮನೆಯ ಭಾಷೆಯಲ್ಲಿ, ನನ್ನ ವಯಸ್ಸಿನ ಹೆಂಗಸಿಗೆ, ನನ್ನ ಬಾಯಿಂದ ಈ ಮಾತು ಹೊರಡಲಿಲ್ಲ. ನನಗೆ ಸರಿಯಾಗಿ ಕೇಳಿಸಲಿಲ್ಲವೆಂದು ತಿಳಿದು ಅವನು ಇನ್ನೊಂದು ಸಲ ಅಂದ. ಎರಡನೆಯ ಸಲ ಮೆತ್ತಗೆ ಅಂದ. ನಮ್ಮ ಹಲಗೆಯ ಮೇಲೆ ಒಂದು ಕೀಲಿ ಇತ್ತು. ಅದನ್ನು ಒಂದು ಕಡೆಗೆ ಒತ್ತಿದರೆ ನಮ್ಮ ಮಾತು ಆ ಕಡೆಗೆ ಮಾತ್ರ ಹೋಗುತ್ತದೆ, ಇನ್ನೊಂದು ಕಡೆಯವರಿಗೆ ಕೇಳುವುದಿಲ್ಲ. ಹೇಳಿದ್ರೇನಮ್ಮಾ ಎಂದು ಅವನು ನನ್ನನ್ನು ಕೇಳಿದಾಗ ನಾನು ಆ ಕೀಲಿಯನ್ನು ಅವನ ಕಡೆಗೆ ಒತ್ತಿ, ಹಾಂ, ಹೇಳಿದೆ ಅಂದೆ. ಅಷ್ಟರಲ್ಲಿ ಮೂರು ನಿಮಿಷದ ಸೂಚನೆ ಬಂತು. ಮುಂದುವರಿಸಲೇ ಎಂದು ಕೇಳುವುದು ಕಡ್ಡಾಯ. ನಾನು ಕೇಳಲಿಲ್ಲ. ಮಸ್ಕತ್ತಿನ ವಯರನ್ನು ಎಳೆದುಬಿಟ್ಟೆ.

ಕ್ಯಾಬಿನ್ನಿನಲ್ಲಿ ಇಂದುಮತಿ ಇನ್ನೂ ನಿಂತಿದ್ದರು. "ಮತ್ತೇನರ ಅಂದ್ರೇನ್ರಿ?" ಎಂದು ಕೇಳಿದರು. ಆ ಮೂರು ನಿಮಿಷದಲ್ಲಿ ಅವರು ಗಂಡನಿಗಲ್ಲದೆ ನನಗೇ ಎಂದು ಕೇಳಿದ ಪ್ರಶ್ನೆ ಅದೊಂದೇ. ನಾನೂ ನಾನಾಗಿಯೇ ಉತ್ತರ ಕೊಟ್ಟೆ.

"ಇಲ್ರಿ. ಇಷ್ಟ ಅಂದ್ರು."

ಯಾಕೆ ಹಾಗೆ ಮಾಡಿದೆ ಎಂದು ನೀವು ಕೇಳಬಹುದು. ನನ್ನನ್ನೇ ನಾನು ಎಷ್ಟು ವರ್ಷ ಕೇಳಿಕೊಂಡಿದ್ದೇನೆ. ಆ ತಿಂಗಳು ನನ್ನ ನಿಶ್ಚಿತಾರ್ಥವಾಗಿತ್ತು ಎಂದು ಒಂದು ಸಲ ಅನ್ನಿಸುತ್ತದೆ. ಗಂಡಸು ಏನೋ ಬೇಸರದಲ್ಲಿ ಅಂದಿರಬೇಕು, ನಾಳೆ ಮನಸ್ಸು ತಿರುಗಿ ಪತ್ರ ಬರೆದಾನು, ಅಷ್ಟರಲ್ಲಿ ನನ್ನ ಬಾಯಿಂದ ಒಂದು ಸಂಸಾರ ಮುರಿಯುವುದೇಕೆ ಎಂದು ಲೆಕ್ಕ ಹಾಕಿದ್ದೆ ಎಂದೂ ಅನ್ನಿಸುತ್ತದೆ. ಒಂದು ಮಾತ್ರ ಆಗ ನನಗೆ ಹೊಳೆಯಲಿಲ್ಲ. ಹೇಳಿಯಾಯಿತು ಎಂದು ತಿಳಿದವನು ಮತ್ತೆ ಯಾಕೆ ಪತ್ರ ಬರೆದಾನು? ಅವನ ಪಾಲಿಗೆ ಆ ವಿಷಯ ಆ ದಿನ ಹನ್ನೊಂದು ಗಂಟೆಗೆ ಮುಗಿದುಹೋಗಿತ್ತು. ಇವರ ಪಾಲಿಗೆ ಶುರುವಾಗಿತ್ತು.

ನಾಲ್ಕು ದಿನ ಬಿಟ್ಟು ಮಧ್ಯಾಹ್ನ ಶಿಫ್ಟು ಮುಗಿಸಿ ಇಳಿದು ಬಂದರೆ ಗೇಟಿನ ಹತ್ತಿರ ತೆಳ್ಳಗಿನ ಒಬ್ಬ ಹೆಂಗಸು ಡಬ್ಬಿ ಹಿಡಿದು ನಿಂತಿದ್ದರು. ಕನ್ನಡದ ಆಪರೇಟರು ನೀವೇ ಏನು ಎಂದು ಕೇಳಿ, ಡಬ್ಬಿಯನ್ನು ನನ್ನ ಕೈಯಲ್ಲಿಟ್ಟರು. ಶೇಂಗಾ ಹೋಳಿಗೆ, ಇನ್ನೂ ಬಿಸಿಯಿತ್ತು. ಅಪ್ಪ ಮೊನ್ನೆಯ ರೈಲಿಗೆ ಊರಿಗೆ ಹೋದರು, ನಾನು ಅತ್ತೆಯ ಹತ್ತಿರ ಉಳಿದೆ ಅಂದರು. ಆಮೇಲೆ ನನ್ನ ಮುಖವನ್ನೇ ನೋಡುತ್ತ ಅಂದರು:

"ಹೋಗು ಅನ್ನಲಿಲ್ಲ ಅಂದಮ್ಯಾಲೆ ಇರು ಅಂದಂಗ ಅಲ್ಲೇನ್ರಿ ಅಕ್ಕಾ?"

ಆಗಲೂ ಹೇಳಬಹುದಿತ್ತು. ಅಪ್ಪ ಹೋಗಿ ಎರಡೇ ದಿನವಾಗಿತ್ತು. ಮುಂದಿನ ರೈಲು ಇತ್ತು. ಹೋಳಿಗೆ ಬಹಳ ಮೆತ್ತಗಾಗಿದೆ, ಹೂರಣಕ್ಕೆ ಎಳ್ಳು ಹಾಕಿದ್ದೀರಾ ಎಂದು ಕೇಳಿದೆ. ನಿಂತಲ್ಲೇ ಒಂದು ತಿಂದೆ. ಅವರು ಖುಷಿಯಿಂದ ಎಳ್ಳು ಎಷ್ಟು, ಬೆಲ್ಲ ಎಷ್ಟು ಎಂದು ಹೇಳುತ್ತ ಬಸ್ಸಿನವರೆಗೂ ಬಂದರು. ಮೂರು ತಿಂಗಳಿಗೆ ನನ್ನ ಮದುವೆಯಾಯಿತು. ನಮ್ಮವರದು ವಿಶಾಖಪಟ್ಟಣದ ಬಂದರಿನಲ್ಲಿ ಕೆಲಸ. ನಾನೂ ವರ್ಗ ಮಾಡಿಸಿಕೊಂಡು ಇಲ್ಲಿಗೆ ಬಂದೆ. ಆಮೇಲೆ ಬೀದಿಬೀದಿಗೆ ಹಳದಿ ಬೋರ್ಡಿನ ಬೂತುಗಳು ಬಂದವು, ಜನ ತಾವೇ ನಂಬರು ಒತ್ತಿ ಮಾತಾಡತೊಡಗಿದರು, ನಮ್ಮ ಹಲಗೆಗಳನ್ನು ಕಿತ್ತು ಗೋದಾಮಿಗೆ ಹಾಕಿದರು. ನನ್ನನ್ನು ಬಿಲ್ಲಿನ ವಿಭಾಗಕ್ಕೆ ಕಳಿಸಿದರು. ಅಲ್ಲಿ ಯಾರ ಮಾತೂ ಕೇಳಬೇಕಾಗಿರಲಿಲ್ಲ. ಸಹೋದ್ಯೋಗಿಗಳು ಅದನ್ನು ಶಿಕ್ಷೆ ಎಂದುಕೊಂಡರು. ನನಗೆ ಆರಾಮವಾಗಿತ್ತು.

ಮೂವತ್ತೈದು ವರ್ಷಗಳ ಮೇಲಾಯಿತು. ಹೋದ ಮಾಘದಲ್ಲಿ ವಿಜಯವಾಡದ ಭವಾನಿಪುರಂನಲ್ಲಿ ಒಂದು ಗೃಹಪ್ರವೇಶ, ನಮ್ಮ ತಂದೆಯ ಜೊತೆ ಬ್ಯಾಂಕಿನಲ್ಲಿದ್ದವರ ಮಗನದು. ಊಟದ ಪಂಕ್ತಿಯಲ್ಲಿ ನಮ್ಮ ಸಾಲಿಗೆ ಬೆನ್ನು ಹಾಕಿ ಕೂತ ಸಾಲಿನಿಂದ "ಸ್ವಲ್ಪ ಹಾಕ್ರಿ, ಸಾಕು, ಸಾಕ್ರಿ" ಎಂದು ಒಂದು ದನಿ ಬಂತು. ಬಡಿಸುವವನಿಗೆ ಕನ್ನಡ ಬರುತ್ತಿರಲಿಲ್ಲ, ಅವನು ಇನ್ನೊಂದು ಸೌಟು ಹಾಕಿಬಿಟ್ಟ. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಮುಖಗಳನ್ನು ನಾನು ಮರೆಯುತ್ತೇನೆ, ಕಳೆದ ವಾರ ನೋಡಿದವರನ್ನೂ ಗುರುತಿಸದೆ ಬೈಸಿಕೊಂಡಿದ್ದೇನೆ. ದನಿಗಳನ್ನು ಮರೆಯುವ ವರ ನನಗೆ ಸಿಗಲಿಲ್ಲ. ಕೈ ತೊಳೆಯುವ ಕಡೆ ಹೋಗಿ ನಿಂತು, ನೀವು ಇಂದುಮತಿಯವರಲ್ಲವೇ ಎಂದು ಕೇಳಿದೆ. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಗುರುತಿಸಲು ಸ್ವಲ್ಪ ಹೊತ್ತು ಬೇಕಾಯಿತು. ಗುರುತಿಸಿದ ಕೂಡಲೇ ನನ್ನ ಎರಡೂ ಕೈ ಹಿಡಿದುಕೊಂಡು, ಫೋನಿನ ಅಕ್ಕ ಅಂದರು.

ಅಲ್ಲೇ ಎರಡು ಕುರ್ಚಿ ಎಳೆದುಕೊಂಡು ಕೂತೆವು. ಗಂಡ ಬರಲೇ ಇಲ್ಲವಂತೆ. ಏಳನೆಯ ವರ್ಷ ಮಸ್ಕತ್ತಿನಿಂದ ಬಂದ ಯಾರೋ, ಅವನು ಅಲ್ಲೇ ಇನ್ನೊಂದು ಸಂಸಾರ ಮಾಡಿಕೊಂಡಿದ್ದಾನೆ ಎಂದು ಅತ್ತೆಗೆ ಹೇಳಿದರಂತೆ. ಅತ್ತೆ ಹಾಸಿಗೆ ಹಿಡಿದರು, ಅವರನ್ನು ನೋಡಿಕೊಂಡದ್ದೂ ಇವರೇ. ಕಲಿತಿದ್ದ ಹಿಂದಿ ಕೈ ಹಿಡಿಯಿತು. ಹತ್ತಿರದ ಕೊಂಡಪಲ್ಲಿಯ ಒಂದು ಶಾಲೆಯಲ್ಲಿ ಹಿಂದಿ ಟೀಚರ್ ಆಗಿ ನಿವೃತ್ತಿಯಾಗಿ ಅಲ್ಲೇ ಇದ್ದಾರೆ. ಗಂಡ ತೀರಿಕೊಂಡು ನಾಲ್ಕು ವರ್ಷವಾಯಿತು, ಅದೂ ಮೂರನೆಯವರಿಂದ ತಿಳಿದದ್ದು. ಇದನ್ನೆಲ್ಲ ಬಸ್ಸು ತಪ್ಪಿದ ಕತೆಯ ಹಾಗೆ ಹೇಳಿದರು. ನಾಳೆ ನಮ್ಮ ಮನೆಗೆ ಬನ್ನಿ ಅಂದರು. ನಾನು ಆ ದಿನವೇ ವಿಶಾಖಪಟ್ಟಣಕ್ಕೆ ಹೊರಡಬೇಕಿತ್ತು. ಟಿಕೇಟು ಮುಂದಕ್ಕೆ ಹಾಕಿಸಿದೆ.

ಕೊಂಡಪಲ್ಲಿಯ ಅವರ ಮನೆ ಒಂದು ಮಹಡಿಯ ಮೇಲಿನ ಎರಡು ಕೋಣೆ. ಹೊರಗೆ ಬಿಸಿಲುಮಚ್ಚು, ದೂರದಲ್ಲಿ ವಿದ್ಯುತ್ ಕೇಂದ್ರದ ಚಿಮಣಿಗಳು. ಚಾಪೆಯ ಮೇಲೆ ಹುಣಸೆಹಣ್ಣು ಹರವಿಕೊಂಡು ಬೀಜ ಬಿಡಿಸುತ್ತಿದ್ದರು. ಚಹಾ ಕೊಟ್ಟರು. ನಾನೂ ಒಂದು ಹಿಡಿ ಹಣ್ಣು ಎಳೆದುಕೊಂಡು ಕೂತೆ. ಹೇಳಬೇಕಾದ್ದನ್ನು ಬಸ್ಸಿನಲ್ಲಿ ಹತ್ತು ರೀತಿ ಜೋಡಿಸಿಕೊಂಡು ಬಂದಿದ್ದೆ. ಒಂದೂ ಉಪಯೋಗಕ್ಕೆ ಬರಲಿಲ್ಲ. ಆ ದಿನ ನಿಮ್ಮ ಯಜಮಾನರು ಇನ್ನೂ ಒಂದು ಮಾತು ಅಂದಿದ್ದರು, ನಾನು ದಾಟಿಸಲಿಲ್ಲ, ಅವರು ನಿಮಗೆ ಹೋಗು ಅಂದಿದ್ದರು ಎಂದು ಹೇಳಿಬಿಟ್ಟೆ. ದಾಟಿಸಿದೆ ಎಂದು ಆ ಕಡೆಗೂ ಸುಳ್ಳು ಹೇಳಿದ್ದನ್ನು ಹೇಳಿದೆ.

ಅವರ ಕೈ ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಬೀಜ ಬಿಡಿಸತೊಡಗಿತು. ಬೈಯಲಿ ಎಂದು ಕಾದೆ. ಬೈಯಲಿಲ್ಲ.

"ಅಪ್ಪ ಕೆಳಗ ಬೆಂಚಿನ ಮ್ಯಾಲೆ ಕೂತಿದ್ದ" ಅಂದರು. "ಎರಡು ಟಿಕೇಟು ತಗಸಿದ್ದ. ನಾ ಹೊರಗ ಬಂದು, ಇಲ್ಲೇ ಇರ್ತೀನಿ ಅಂದೆ. ಏನೂ ಅನಲಿಲ್ಲ ಅವ. ಎರಡನೇ ಟಿಕೇಟು ನನ್ನ ಕೈಯಾಗ ಕೊಟ್ಟು, ಇಟಗೊಂಡಿರು ಅಂದ. ಮರುವರ್ಷ ಶ್ರಾವಣದಾಗ ತೀರಿಕೊಂಡ."

ನನಗೆ ಇದು ಗೊತ್ತಿರಲಿಲ್ಲ. ಇಷ್ಟು ವರ್ಷ ನಾನು ನೆನೆದು ಕೊರಗಿದ್ದೆಲ್ಲ ಗಂಡ ಹೆಂಡಿರ ವಿಷಯ. ನನ್ನ ಹಲಗೆಗೆ ಕಾಣದೆ ಕೆಳಗೆ ಒಬ್ಬ ಮುದುಕ ಕೂತಿದ್ದ, ನನ್ನ ಆ ಒಂದು ಮಾತು ಹೋಗಿ ಬಿದ್ದದ್ದು ಅವನ ಮೇಲೆ ಎಂಬುದು ಹೊಳೆದಿರಲಿಲ್ಲ.

"ಒಂದು ವರ್ಷ ಅವನ ಕೂಡ ಇರ್ತಿದ್ದೆ" ಅಂದರು. ಆರೋಪ ಮಾಡುವ ದನಿಯಲ್ಲ. ಸುಮ್ಮನೆ ತಮಗೆ ತಾವೇ ತಿಳಿದುಕೊಂಡಂತೆ.

ತಪ್ಪಾಯಿತು ಎಂದೆ. ಅವರು ಅದಕ್ಕೆ ಹೂಂ ಎನ್ನಲಿಲ್ಲ, ಇರಲಿ ಎನ್ನಲಿಲ್ಲ. ಬಿಡಿ ಅಕ್ಕಾ, ಆಗಿದ್ದು ಆಯಿತು ಎಂದು ಅವರ ಬಾಯಿಂದ ಕೇಳಲು ನಾನು ಬಂದಿದ್ದೆ ಎಂಬುದು ಆಗ ನನಗೇ ಗೊತ್ತಾಯಿತು. ನಾಚಿಕೆಯಾಯಿತು. ಬೀಜಗಳನ್ನು ಒಂದು ಕಡೆ ಗುಡ್ಡೆ ಮಾಡಿ ಅವರು ಕೇಳಿದರು, ಗಂಡ ಸಿಟ್ಟಿನಿಂದ ಅಂದಿದ್ದರೇ ಎಂದು. ಇಲ್ಲ, ಎರಡು ಸಲ ಅಂದರು, ಎರಡನೆಯ ಸಲ ಮೆತ್ತಗೆ ಅಂದರು ಎಂದೆ.

ಅವರು ಚಿಮಣಿಗಳ ಕಡೆ ತಿರುಗಿದರು.

"ಹೋಗು ಅಂತ ಒಂದು ಮಾತು ಬಾಯಿಬಿಟ್ಟು ಹೇಳೂ ಧೈರ್ಯ ಇರಲಿಲ್ಲ ಅವರಿಗೆ, ಅಂತ ನಾನು ಇವತ್ತಿನ ತನಕಾ ಬೈಕೋತ ಬಂದೀನ್ರಿ" ಅಂದರು. "ಸತ್ತ ಸುದ್ದಿ ಬಂದ ದಿನಾನೂ ಬೈದೆ. ಹೇಳಿದ್ರಂತಲ್ಲ. ಎರಡು ಸಲ ಹೇಳಿದ್ರಂತ."

ಆಮೇಲೆ ಸೆರಗಿನಿಂದ ಕೈ ಒರಸಿಕೊಂಡು, ನನ್ನ ಎದುರಿಗೆ ತಿರುಗಿ ಕೂತರು. ಈಗ ಪೂರ್ತಿ ಹೇಳಿ ಅಂದರು, ಅವರು ಅಂದ ಹಾಗೆಯೇ ಅನ್ನಿ ಅಂದರು.

ಅರವತ್ತರ ಹತ್ತಿರದ ಹೆಂಗಸು ನಾನು. ಬಿಸಿಲುಮಚ್ಚಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು, ಎದೆಯಿಂದ ದನಿ ತೆಗೆದು, ಒಂದೊಂದೇ ಅಕ್ಷರವಾಗಿ ಅಂದೆ: "ನೀ ನಿಮ್ಮಪ್ಪನ ಕೂಡ ಹೋಗು. ನನ್ನ ಹಾದಿ ಕಾಯಬ್ಯಾಡ." ಎರಡನೆಯ ಸಲ ಮೆತ್ತಗೆ ಅಂದೆ.

"ಆತು" ಅಂದರು ಇಂದುಮತಿ.

ಅದು ನನಗೆ ಹೇಳಿದ್ದಲ್ಲ. ಅದನ್ನು ದಾಟಿಸಲು ಆ ತುದಿಯಲ್ಲಿ ಈಗ ಯಾರೂ ಇರಲಿಲ್ಲ. ಅವರು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು ಹುಣಸೆಹಣ್ಣಿಗೆ ಉಪ್ಪು ಬೆರೆಸತೊಡಗಿದರು. ಹೊರಡುವಾಗ ಮತ್ತೆ ಬನ್ನಿ ಎಂದು ಅವರು ಅನ್ನಲಿಲ್ಲ. ಬರುತ್ತೇನೆ ಎಂದು ನಾನೂ ಅನ್ನಲಿಲ್ಲ. ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಮಾತ್ರ ಮೇಲಿನಿಂದ ಬೆರಳು ಮಾಡಿ ತೋರಿಸಿದರು.

ನಿನ್ನೆ ಸಂಜೆ ನನ್ನ ನಾದಿನಿ ಫೋನು ಮಾಡಿದ್ದಳು. ಅತ್ತಿಗೆಯಾದ ನನ್ನನ್ನು ಅವಳು ತೆಲುಗಿನಲ್ಲಿ ವದಿನಾ ಎಂದೇ ಕರೆಯುವುದು. ಅವಳ ಮಗಳಿಗೆ ನಮ್ಮವರು ನೋಡಿದ ಸಂಬಂಧ ನಾದಿನಿಗೇ ಬೇಡವಾಗಿದೆ. ಮೂರು ತಿಂಗಳಿಂದ ಓಡಾಡಿ ಕೂಡಿಸಿದ್ದು, ಅವರಿಗೆ ನೋವಾಗುತ್ತದೆ. "ಅಣ್ಣಯ್ಯನಿಗೆ ನೀವೇ ಮೆಲ್ಲಗೆ ಹೇಳಿ ವದಿನಾ, ನಿಮಗೆ ಹೇಳೋ ರೀತಿ ಗೊತ್ತು" ಅಂದಳು. ಈ ಮನೆಯಲ್ಲಿ ಮೂವತ್ತೈದು ವರ್ಷ ಅಣ್ಣತಂಗಿಯರ ನಡುವೆ ನಾನು ಅದೇ ಕೆಲಸ ಮಾಡಿದವಳು, ಚೂಪಾದದ್ದನ್ನು ಉಜ್ಜಿ, ಕಹಿಯಾದದ್ದನ್ನು ನುಂಗಿ. ಜಾಣೆ ಎಂದು ಹೆಸರೂ ತೆಗೆದುಕೊಂಡಿದ್ದೇನೆ. ಇರು, ಅವರು ಇಲ್ಲೇ ಇದ್ದಾರೆ ಅಂದೆ. ಬೇಡ ಬೇಡ ಎಂದು ಅವಳು ಅನ್ನುತ್ತಿದ್ದಂತೆಯೇ ಹಾಲಿಗೆ ಹೋಗಿ ಫೋನನ್ನು ಅವರ ಕೈಗೆ ಕೊಟ್ಟೆ. ಯಾರು ಎಂದು ಕೇಳಿದರು. ನಿಮ್ಮ ತಂಗಿ, ನಿಮಗೇನೋ ಹೇಳಬೇಕಂತೆ ಎಂದೆ. ಅವರು ಫೋನನ್ನು ಕಿವಿಗೆ ಇಟ್ಟುಕೊಂಡರು. ನಾನು ಒಳಗೆ ಬಂದು ಅಡುಗೆಮನೆಯ ಬಾಗಿಲು ಮುಂದೆ ಮಾಡಿದೆ.